ಆಯಿ ಕೇಳಬೇಕೆಂದ ಸಂಧಿ

ಉಗಾರದ ಸುತ್ತಿನ ಹಳ್ಳಿಗಳಲ್ಲಿ, ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿವಾಸನೆ ಬಂತೆಂದರೆ ಕಬ್ಬಿನ ಹಂಗಾಮು ಶುರುವಾಯಿತೆಂದು ಮಕ್ಕಳಿಗೂ ತಿಳಿಯುತ್ತಿದ್ದ ಕಾಲವದು. ನಾನು ಹೇಳಹೊರಟಿರುವ ಹಂಗಾಮಿನಲ್ಲಿ ನಾನು ಮೂರನೆಯ ಇಯತ್ತೆಯಲ್ಲಿದ್ದೆನೆಂದು ಅತ್ತೆ ಹೇಳುತ್ತಿದ್ದರು. ಆದರೆ ಆಗ ತಮ್ಮ ತೊಟ್ಟಿಲಲ್ಲಿದ್ದ. ಅವನ ಜನನ ದಾಖಲೆಯೊಡನೆ ತಾಳೆ ನೋಡಿದರೆ ಅದು ನಾಲ್ಕನೆಯ ಇಯತ್ತೆ ಎಂಬುದು ಖಚಿತ. ತೊಟ್ಟಿಲಿದ್ದುದು ಈ ಪ್ರಸಂಗಕ್ಕೆ ಮುಖ್ಯ.

ತಂದೆಯ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ದೀಪಾವಳಿಯ ಬಳಿಕ ಆಕೆ ಹಾಸಿಗೆ ಹಿಡಿದಿದ್ದಳು. ಶಾಲೆಯಿಂದ ಬಂದು, ಎಣ್ಣೆ-ಖಾರ ಹಚ್ಚಿದ ಚುರುಮುರಿ ತಿಂದು, ನಾನು ಆಕೆಗೆ ಪುರಾಣ ಓದಬೇಕು. ಆಕೆಯ ಕಿರಿಮಗ, ನನ್ನ ಕಾಕಾ, ಅರ್ಥ ಹೇಳುವರು. ಆ ಪುರಾಣದ ಕೊನೆಯಲ್ಲಿ ಮುದಿ ಶರಣನೊಬ್ಬ ದೇಹ ಬಿಡುವ ಸಂಧಿಯಿತ್ತು. ಕೂಸಾಗಲಿ ಕಾಯಿಲೆಯವರಾಗಲಿ ಇರುವ ಮನೆಯಲ್ಲಿ ಅದನ್ನು ಓದಬಾರದೆಂಬ ಕಟ್ಟುಪಾಡು. ಒಟ್ಟು ಕುಟುಂಬದಲ್ಲಿ ಇಬ್ಬರೂ ಇಲ್ಲದ ದಿನವೇ ಇರಲಿಲ್ಲವಾದ್ದರಿಂದ ಆ ಹಾಳೆಗಳನ್ನು ದಾರದಿಂದ ಹೊಲಿದೇ ಇಟ್ಟಿದ್ದರು. ಓದು ನೇರವಾಗಿ ಮಂಗಳ ಪದ್ಯಕ್ಕೆ ಹಾರುತ್ತಿತ್ತು.

ಒಂದು ಸಂಜೆ ಆಯಿ ಅಂದಳು: "ಆ ಹೊಲಿಗಿ ಬಿಚ್ಚ ಬೇ. ಬಾಳೇವು ಮಾಡೂದೆಲ್ಲಾ ಕೇಳೀನಿ. ಹೋಗೂದು ಹೆಂಗಂತ ಕೇಳಿಲ್ಲ."

ಕಾಕಾ ತಡೆದರು. "ಬ್ಯಾಡ ಯವ್ವಾ, ಮನ್ಯಾಗ ಕೂಸೈತಿ."

"ಕೂಸಿಗೆ ಏನ ತಿಳೀತೈತೋ? ಅದಕ್ಕ ಇನ್ನಾ ಕನ್ನಡಾನೂ ಬರೂದಿಲ್ಲ, ಮರಾಠಿನೂ ಬರೂದಿಲ್ಲ." ಆಮೇಲೆ, "ನನಗ ಅಂಜಿಕಿ ಆಗಾಕತ್ತೈತಿ" ಅಂದಳು.

ಆ ಮಾತನ್ನು ಕಾಕಾ ತಾಯಿಯ ಬಾಯಿಂದ ಎಂದೂ ಕೇಳಿರಲಿಲ್ಲ. ಕೂಸನ್ನು ಪಕ್ಕದ ಮನೆಗೆ ಕಳಿಸಿ, ತಾವೇ ದಾರ ಕತ್ತರಿಸಿದರು. ನಾನು ಓದಿದೆ. ಶರಣ ಮರದಡಿ ಕುಳಿತ, ಮುಗುಳ್ನಕ್ಕ, ಕಣ್ಣು ಮುಚ್ಚಿದ. ಆಕಾಶದಿಂದ ಹೂ ಸುರಿದವು.

"ಮುಂದ?"

"ಮುಗೀತ ಆಯಿ."

"ಕಫಾ ಕಟ್ಟಿದ್ದು? ನಾಲಿಗಿ ಒಣಗಿದ್ದು?"

ಕಾಕಾ ತಲೆ ತಗ್ಗಿಸಿ, "ಅದನ್ನ ಬರದಿಲ್ಲವ್ವಾ" ಅಂದರು.

"ಹಂಗಾರ ಬರದಾಂವ ಯಾರ ಹಾಸಿಗಿ ಬಾಜೂಕೂ ಕುಂತಾಂವಲ್ಲ ಬಿಡ," ಎಂದು ಆಯಿ ಗೋಡೆಯ ಕಡೆ ಹೊರಳಿದಳು. ಮತ್ತೆ ಪುರಾಣ ಕೇಳಲಿಲ್ಲ. ಹಂಗಾಮು ಮುಗಿಯುವ ಮೊದಲೇ ಸತ್ತಳು. ಕುಡಿಸಿದ ನೀರು ಕಟವಾಯಿಂದ ಇಳಿಯುತ್ತಿತ್ತು. ಒಂದು ಕೈ ಕಾಕಾನ ಅಂಗಿಯನ್ನು ಹಿಡಿದೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮುಂದೆ ಹಳೆಯ ಕಾವ್ಯಗಳ ಮುಪ್ಪು-ಮರಣಗಳ ವರ್ಣನೆಗಳನ್ನು ಪಾಠಾಂತರಗಳೊಡನೆ ಹೋಲಿಸುವುದೇ ನನ್ನ ವೃತ್ತಿಯಾಯಿತು. ಬೆಳಕು, ವಿಮಾನ, ಹೂಮಳೆ ಬೇಕಾದಷ್ಟು ಸಿಕ್ಕವು. ಒಣಗಿದ ನಾಲಿಗೆ ಅಪರೂಪ.

ಈಗ ನಮ್ಮ ಕಡೆ ಸಾಯುವವರನ್ನು ಮಿರಜಿನ ಆಸ್ಪತ್ರೆಗೆ ಒಯ್ಯುತ್ತಾರೆ. ಕಳೆದ ವರ್ಷ ಕಾಕಾನನ್ನು ನಾನು ಗಾಜಿನ ಈಚೆಯಿಂದ ನೋಡಿದೆ. ಬಾಯಿಗೆ ನಳಿಕೆ ಹಾಕಿದ್ದರು. ಅವರಿಗೆ ಅಂಜಿಕೆಯಾಗಿತ್ತೋ ಇಲ್ಲವೋ, ಹೇಳುವ ಬಗೆ ಅವರಿಗಿರಲಿಲ್ಲ. ಕೇಳಲು ನಮ್ಮನ್ನು ಒಳಗೆ ಬಿಡಲಿಲ್ಲ.