ಗ್ರಂಥಾಲಯದಿಂದ ಹೊರಟ ಬಸ್ಸು

ನನ್ನ ದನಿ ಚೆನ್ನಾಗಿದೆ ಎಂಬ ಅಭಿಪ್ರಾಯ ನನಗೆ ಮೊದಲಿನಿಂದಲೂ ಇದೆ. ಈ ಅಭಿಪ್ರಾಯಕ್ಕೆ ಮನೆಯಲ್ಲಿ ಯಾರ ಬೆಂಬಲವೂ ಇಲ್ಲ. ಆದರೆ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಕನ್ನಡ ಪಾಠ ಮಾಡಿದವಳಿಗೆ, ಎದುರಿಗೆ ಕೂತವರೆಲ್ಲ ತನ್ನನ್ನು ಕೇಳುತ್ತಿದ್ದಾರೆ ಎಂದು ನಂಬುವ ಚಟವೊಂದು ಅಂಟಿಕೊಂಡುಬಿಡುತ್ತದೆ. ಹಾಗಾಗಿ, ರೋಗದ ಭಯಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಬೇಸಿಗೆಯಲ್ಲಿ ಕೊಪ್ಪಳದ ಗ್ರಂಥಾಲಯದ ರಜಿಯಾ ಮೇಡಂ ಫೋನು ಮಾಡಿ, "ಅಕ್ಕೋರ, ದಿನಾ ಸಂಜಿ ಐದಕ್ಕ ಮೊಬೈಲ್‌ನ್ಯಾಗ ಎಲ್ಲಾರೂ ಕೂಡೂಣಂತ ಮಾಡೇವ್ರಿ. ಒಬ್ರು ಓದೂದು, ಉಳದೋರು ಕೇಳೂದು. ಮೊದಲನೇ ದಿನ ನೀವ ಓದ್ರಿ" ಎಂದಾಗ, ನಾನು ಸ್ವಲ್ಪ ಹೊತ್ತು ಯೋಚಿಸುವವಳಂತೆ ನಟಿಸಿ ಒಪ್ಪಿಕೊಂಡೆ.

ರಜಿಯಾ ಮೇಡಂ ಗ್ರಂಥಾಲಯಕ್ಕೆ ಬೀಗ ಹಾಕುವ ದಿನ ಸದಸ್ಯರ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ತಮ್ಮ ಮನೆಗೆ ಹೋಗಿದ್ದರು. ಅದರಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ಫೋನು ಮಾಡಿದರು. ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಗ್ರಂಥಾಲಯದವರನ್ನೂ ಕೇಳಿ ನಂಬರು ತರಿಸಿಕೊಂಡರು. "ಹುಡುಗರಿಗೆ ಸಾಲಿ ಪಾಠ ಮೊಬೈಲ್‌ನ್ಯಾಗ ಬರಾಕತ್ತಾವು. ದೊಡ್ಡೋರಿಗೆ ಏನೈತ್ರಿ? ಟಿವಿ ಮುಂದ ಕುಂತು ಅಂಜೂದು ಅಷ್ಟ" ಎಂಬುದು ಅವರ ವಾದ. ಹನ್ನೆರಡು ಮಂದಿ ಸೇರಿದೆವು.

ಮೊದಲ ದಿನ ಮೆಣಸಿನ ಕಷಾಯ ಕುಡಿದು ಗಂಟಲು ಹದ ಮಾಡಿಕೊಂಡೆ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಪುಟದ ಅಂಚಿನಲ್ಲಿ ಪೆನ್ಸಿಲಿನ ಗುರುತು ಹಾಕಿಕೊಂಡೆ. ಏಳೆಂಟು ನಿಮಿಷ ಮೈಮರೆತು ಓದಿ, ಕೊನೆಯ ವಾಕ್ಯವನ್ನು ಮೆಲ್ಲಗೆ ತೇಲಿಬಿಟ್ಟು, ಕಣ್ಣು ಮುಚ್ಚಿ ಮೆಚ್ಚುಗೆಗಾಗಿ ಕಾದೆ. ಕುಷ್ಟಗಿಯಿಂದ ಒಂದು ಗಂಡುದನಿ ಬಂತು: "ಅಕ್ಕೋರ, ಬಾಯಿ ಅಷ್ಟ ಅಲ್ಲಾಡಾಕತ್ತೈತ್ರಿ, ದನಿ ಬರವಲ್ದು. ಆದ್ರ ಭಾಳ ಛಲೋ ಓದೀರಿ ಅನ್ನೂದು ನಿಮ್ಮ ಮಾರಿ ನೋಡಿದ್ರ ತಿಳೀತೈತಿ."

ನಾನು ಮೈಕಿನ ಗುಂಡಿ ಒತ್ತಿರಲಿಲ್ಲ.

ಆ ದನಿಯ ಒಡೆಯರು ಯಂಕಪ್ಪನವರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಾಗ ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಸಿಕ್ಕ ಹೊತ್ತಿನಲ್ಲಿ ಕೊಪ್ಪಳದ ಗ್ರಂಥಾಲಯಕ್ಕೆ ಬಂದು ಪತ್ರಿಕೆ ಓದುತ್ತಿದ್ದರಂತೆ. ಮೊಬೈಲ್ ಪರದೆಯ ಮೇಲೆ ಅವರ ಮುಖ ಕಾಣುವ ಚೌಕದ ಪಕ್ಕದ ಚೌಕದಲ್ಲಿ ಯಲಬುರ್ಗಾದ ಶಾಂತವ್ವ ಇರುತ್ತಿದ್ದಳು. ಟೇಲರ್ ಕೆಲಸ ಅವಳದು. ಆಗ ಬರೀ ಮಾಸ್ಕು ಹೊಲಿಯುತ್ತಿದ್ದಳು. ಮೊಬೈಲನ್ನು ಹೊಲಿಗೆ ಮಷಿನ್ನಿಗೆ ಆನಿಸಿ ಇಡುತ್ತಿದ್ದರಿಂದ, ಯಾರು ಏನು ಓದಿದರೂ ಹಿಂದೆ ಟಕಟಕ ಸದ್ದು ಇದ್ದೇ ಇರುತ್ತಿತ್ತು. ಯಾರೋ ಒಬ್ಬರು ಆಕ್ಷೇಪಿಸಿದಾಗ ರಜಿಯಾ ಮೇಡಂ, "ಇರ್ಲಿ ಬಿಡ್ರಿ, ಅದೂ ಒಂದು ತಾಳ" ಎಂದುಬಿಟ್ಟರು.

ನಿಜ ಹೇಳುತ್ತೇನೆ, ಕೇಳುವುದು ಎಷ್ಟು ಸುಖದ ಕೆಲಸ ಎಂಬುದು ನನಗೆ ಆಗಲೇ ಗೊತ್ತಾದದ್ದು. ನಾವೆಲ್ಲ ಕಣ್ಣಿನಿಂದ ಓದಲು ಕಲಿತದ್ದು ಇತ್ತೀಚೆಗೆ. ನನ್ನ ಅಜ್ಜಿಯ ಕಾಲದವರು ಕಿವಿಯಿಂದಲೇ ಓದಿದವರು. ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಒಬ್ಬರು ಪುರಾಣ ಹೇಳುತ್ತಿದ್ದರೆ, ಅಜ್ಜಿ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತ ಕೇಳುತ್ತಿದ್ದಳು. ಅಕ್ಷರ ಬಾರದ ಅವಳಿಗೆ ಬರುತ್ತಿದ್ದ ಕಥೆಗಳು ನನಗೆ ಇವತ್ತಿಗೂ ಬರುವುದಿಲ್ಲ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ನಮ್ಮ ಮನೆಯ ಮಾಳಿಗೆಯ ಮೇಲೆ, ಸಂಜೆಯ ಬಿಸಿಲು ಕೋಟೆಯ ಗುಡ್ಡದಿಂದ ಇಳಿಯುವ ಹೊತ್ತಿಗೆ, ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರೆ ನಾನೂ ಆ ಕಂಬಕ್ಕೆ ಒರಗಿ ಕೂತಂತಾಗುತ್ತಿತ್ತು. ರಸ್ತೆಯಲ್ಲಿ ಸದ್ದೇ ಇಲ್ಲ. ಜಗತ್ತು ಒಂದು ದೊಡ್ಡ ವಾಚನಾಲಯವಾಗಿ, ಯಾರೋ ಬೆರಳು ತುಟಿಗಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದಂತಿತ್ತು.

ಎಲ್ಲರ ಸರದಿಯೂ ಎರಡೆರಡು ಸಲ ಮುಗಿದರೂ ಯಂಕಪ್ಪನವರು ಮಾತ್ರ ಓದಿರಲಿಲ್ಲ. ಒಂದು ದಿನ ನೆಟ್‌ವರ್ಕ್ ಇಲ್ಲ, ಇನ್ನೊಂದು ದಿನ ಕೆಮ್ಮು. ಮೂರನೆಯ ಸಲ ರಜಿಯಾ ಮೇಡಂ ಬಿಡಲಿಲ್ಲ. ಆಗ ನಿಜ ಹೊರಬಂತು.

"ಚಾಳೀಸು ಒಡದೈತ್ರಿ ಮೇಡಂ. ಮೊಮ್ಮಗಳು ಅದರ ಮ್ಯಾಲ ಕುಂತಾಳ. ಅಂಗಡಿ ಒಂದೂ ತಗದಿಲ್ಲ. ಅಕ್ಷರ ಎಲ್ಲಾ ಇರುವಿ ಹರದಾಡಿದಂಗ ಕಾಣ್ತಾವ."

"ಹಂಗಾರ ಓದಬ್ಯಾಡ್ರಿ. ಬಾಯಿಲೆ ಏನರ ಹೇಳ್ರಿ."

"ನನಗೇನ್ ಬರ್ತೈತ್ರಿ? ಜೀವಮಾನ ಎಲ್ಲಾ ಟಿಕೆಟ್ ಹರದಾಂವ. ದಾರಿ ಅಷ್ಟ ಬರ್ತೈತಿ."

"ದಾರೀನ ಹೇಳ್ರಿ ಮತ್ತ."

ಯಂಕಪ್ಪನವರು ನೆಟ್ಟಗೆ ಕೂತರು. ಆಮೇಲೆ ಗಂಟಲು ಸರಿಮಾಡಿಕೊಂಡು, ನಾವು ಯಾರೂ ಎಷ್ಟೋ ವಾರಗಳಿಂದ ಕೇಳದ ಒಂದು ಕೂಗು ಕೂಗಿದರು: "ಅಳವಂಡಿ, ಅಳವಂಡಿ, ಅಳವಂಡಿ! ಹತ್ರಿ ಲಗೂನ, ಬಾಗಿಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ!"

ಮೊದಲ ಆರು ವರ್ಷ ನಾನು ಪಾಠ ಮಾಡಿದ್ದು ಅಳವಂಡಿಯಲ್ಲಿ. ಬೆಳಗಿನ ಬಸ್ಸಿನ ಎಡಗಡೆಯ ಕಿಟಕಿ ನನ್ನದೇ ಎಂದು ಭಾವಿಸಿದ್ದವಳು. ಯಂಕಪ್ಪನವರು ನಿಧಾನವಾಗಿ ಬಸ್ಸು ಬಿಟ್ಟರು. ಕರಿಮಣ್ಣಿನ ಹೊಲ ಎಡಕ್ಕೆ, ಕುಸುಬಿಯ ಹಳದಿ ಬಲಕ್ಕೆ. ಕೈಯಲ್ಲಿ ಕೋಳಿ ಹಿಡಿದು ಹತ್ತಿದ ಮುದುಕಿ, ಕೋಳಿಗೂ ಟಿಕೆಟ್ಟು ಎಂದಾಗ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು "ಎಲ್ಲೈತೋ ಕೋಳಿ?" ಎಂದು ಕೇಳಿದ್ದು, ಕೋಳಿಯೇ ಒಳಗಿನಿಂದ ಉತ್ತರ ಕೊಟ್ಟದ್ದು. ಮಳೆ ಬಂದರೆ ಬಸ್ಸು ಹೂತುಕೊಳ್ಳುತ್ತಿದ್ದ ಜಾಗ. ನಾನು ಕಣ್ಣು ಮುಚ್ಚಿದ್ದೆ. ಮುಖಕ್ಕೆ ಬಿಸಿಗಾಳಿ ಬಡಿಯಿತು, ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟಿತು. "ಅಳವಂಡಿ ಬಂತ್ರಿ, ಇಳೀರಿ" ಎಂದಾಗ ಕಣ್ಣು ತೆರೆದರೆ, ನಾನು ನಮ್ಮ ಮಾಳಿಗೆಯ ಮೇಲೆಯೇ ಇದ್ದೆ, ಚಪ್ಪಲಿ ಮಾತ್ರ ಮೆಟ್ಟಿಕೊಂಡಿದ್ದೆ.

ಅಲ್ಲಿಂದ ಮುಂದೆ ವಾರಕ್ಕೆ ಒಂದು ಸಂಜೆ ಬಸ್ಸಿನದಾಯಿತು. ಪುಸ್ತಕ ಓದುವ ದಿನಕ್ಕಿಂತ ಆ ದಿನ ಜನ ಹೆಚ್ಚು. ಕನ್ನಡ ಟೀಚರಾದ ನನಗೆ ಇದು ಸ್ವಲ್ಪ ಚುಚ್ಚಿದ್ದು ಸುಳ್ಳಲ್ಲ.

ಒಂದು ಸಂಜೆ ಗುಂಪಿಗೆ ಸೇರಿದಾಗ ಏನೋ ಕೊರತೆ ಅನಿಸಿತು. ಸ್ವಲ್ಪ ಹೊತ್ತಿಗೆ ಹೊಳೆಯಿತು: ಹೊಲಿಗೆ ಮಷಿನ್ನಿನ ಸದ್ದಿಲ್ಲ. ಶಾಂತವ್ವ ತನ್ನ ಚೌಕದಲ್ಲಿ ಸುಮ್ಮನೆ ಕೂತಿದ್ದಳು. ರಜಿಯಾ ಮೇಡಂ ಕೇಳಿದರು, "ಯಾಕ ಶಾಂತವ್ವಾರ, ಆರಾಮಿಲ್ಲೇನ್ರಿ?"

ಅವಳ ತಂಗಿ ರೇಣುಕಾಳ ವಿಷಯ ನಮಗೆ ಅಲ್ಪಸ್ವಲ್ಪ ಗೊತ್ತಿತ್ತು. ತಾಯಿ ತೀರಿಕೊಂಡ ಮೇಲೆ ಆ ಹುಡುಗಿಯನ್ನು ಬೆಳೆಸಿದವಳು ಶಾಂತವ್ವನೇ. ಗಂಗಾವತಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರಿ. ಕುಬ್ಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ತಂದು, ರವಿಕೆ ಹೊಲಿದು, ತವರಿಗೆ ಕರೆತರಬೇಕು ಎನ್ನುವಷ್ಟರಲ್ಲಿ ರಸ್ತೆಗಳು ಮುಚ್ಚಿದವು.

"ಮುಂಜಾನಿಂದ ಬ್ಯಾನಿ ತಿನ್ನಾಕತ್ತಾಳಂತ್ರಿ" ಎಂದಳು ಶಾಂತವ್ವ. "ದವಾಖಾನಿಗೆ ಸೇರಿಸ್ಯಾರ. ಕೂಸು ಅಡ್ಡ ಐತಿ ಅಂದ್ರಂತ. ಅಕಿ ಗಂಡನ್ನ ಒಳಗ ಬಿಡವಲ್ರು. ಹನ್ನೆರಡಕ್ಕ ಫೋನ್ ಮಾಡಿದ್ದ, ಆಮ್ಯಾಲೆ ಅವನ ಫೋನೂ ಹತ್ತವಲ್ದು. ಪೊಲೀಸರಿಗೆ ಕೈ ಮುಗದು ಬಂದೆ, ಗಾಡಿ ಸಿಗಲಿಲ್ಲ. ನಾ ಇಲ್ಲಿ ಕುಂತು ಏನ್ ಮಾಡ್ಲಿ?" ಕೊನೆಯ ಮಾತು ಹೇಳುವಾಗ ಅವಳು ಪರದೆಯಿಂದ ಮುಖ ಸರಿಸಿಕೊಂಡಳು.

ನನಗೆ ಬರುವ ಸಮಾಧಾನದ ವಾಕ್ಯಗಳೆಲ್ಲ ಪಠ್ಯಪುಸ್ತಕದವು, ಅವನ್ನು ನುಂಗಿಕೊಂಡೆ. ಆಗ ಯಂಕಪ್ಪನವರ ದನಿ, ಎಂದಿನ ಕೂಗಲ್ಲ, ಮೆತ್ತಗೆ ಬಂತು: "ಶಾಂತವ್ವಾ, ಏಳವಾ ತಾಯಿ. ಸೀರಿ ಗಂಟು ತಗೊ. ಯಲಬುರ್ಗಾದಿಂದ ಗಂಗಾವತಿ ಬಸ್ ನಿಂತೈತಿ. ನಿನ್ನ ಸಲುವಾಗೇ ಬಿಡಾಕತ್ತೇನಿ."

"ಕಾಕಾ, ಮಷ್ಕಿರಿ ಮಾಡಬ್ಯಾಡ್ರಿ."

"ಮಷ್ಕಿರಿ ಅಲ್ಲವಾ. ಕಿಡಕಿ ಕಡೆ ಕುಂದರು."

ಬಸ್ಸು ಹೊರಟಿತು. ಕುಕನೂರು ದಾಟಿತು. ಭಾನಾಪುರದಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿಯ ಡಬ್ಬಿಗಳನ್ನು ಯಂಕಪ್ಪನವರು ಒಂದೂ ಬಿಡದೆ ಎಣಿಸಿದರು. ಕೊಪ್ಪಳದ ನಿಲ್ದಾಣದಲ್ಲಿ ಡ್ರೈವರು ಚಹಾ ಕುಡಿಯಲು ಇಳಿದ. ಶೇಂಗಾ ಮಾರುವವಳು ಕಿಟಕಿಗೆ ಬಂದಳು, ಶಾಂತವ್ವನಿಗೆ ಬಿಸಿ ಶೇಂಗಾ ಕೊಡಿಸಲಾಯಿತು. ಗಿಣಿಗೇರಾ ಆಯಿತು, ಹಿಟ್ನಾಳ ಬಂತು. ಅಲ್ಲಿ ಯಂಕಪ್ಪನವರು ಬಸ್ಸನ್ನು ಹೊಳೆಯ ದಾರಿಗೆ ಹೊರಳಿಸಿದರು.

ನಾನು ತಡೆಯಲಾರದೆ ಬಾಯಿ ಹಾಕಿದೆ. ಈ ಸಲ ಮೈಕಿನ ಗುಂಡಿ ಸರಿಯಾಗಿಯೇ ಒತ್ತಿದ್ದೆ. "ಯಂಕಪ್ಪನವರೇ, ಅದು ಸುತ್ತು ದಾರಿಯಲ್ಲವೇ? ಅರ್ಜೆಂಟಿಗೆ ನೇರ ರಸ್ತೆ ಇದೆಯಲ್ಲ?"

"ಇವತ್ತ ಈ ದಾರೀನ ಛಲೋ ಐತ್ರಿ ಅಕ್ಕೋರ" ಎಂದರು ಅವರು, ಅಷ್ಟೆ.

ದಾರಿಯ ಎರಡೂ ಕಡೆ ಬಂಡೆಗಳು ಒಂದರ ಮೇಲೊಂದು ಕೂತು ನಿದ್ದೆ ಮಾಡುತ್ತಿದ್ದವು. ಕಾಲುವೆ ನೀರು ಬಿಸಿಲಿಗೆ ಮಿಣಮಿಣ ಅನ್ನುತ್ತಿತ್ತು. ನೆಲ ಬದಲಾಯಿತು, ಜೋಳದ ಸೀಮೆ ಹಿಂದೆ ಸರಿದು ಭತ್ತದ ಹಸಿರು ಬಂತು, ಗಾಳಿ ತಣ್ಣಗಾಯಿತು. ಬಾಳೆಯ ತೋಟದಲ್ಲಿ ಕೊಕ್ಕರೆಗಳು ಇಳಿಯುತ್ತಿದ್ದವು. ಸಾಣಾಪುರದ ಕೆರೆ ಕಾಣಿಸಿತು ಎನ್ನುವಾಗ ಶಾಂತವ್ವನ ಚೌಕ ಪರದೆಯಿಂದ ಮಾಯವಾಯಿತು.

"ಫೋನ್ ಬಂದಿರಬೇಕು" ಎಂದರು ರಜಿಯಾ ಮೇಡಂ.

ಯಂಕಪ್ಪನವರು ಬಸ್ಸು ನಿಲ್ಲಿಸಿದರು. "ಆಕಿ ಬರೋತನ ಗಾಡಿ ಇಲ್ಲೇ ನಿಂತಿರ್ತೈತ್ರಿ. ಯಾರೂ ಇಳೀಬ್ಯಾಡ್ರಿ."

ಯಾರೂ ಇಳಿಯಲಿಲ್ಲ. ಕೆರೆಯ ದಂಡೆಯಲ್ಲಿ ನಿಂತ, ಇಲ್ಲದ ಆ ಬಸ್ಸಿನಲ್ಲಿ ನಾವು ಹನ್ನೊಂದು ಮಂದಿ ಕೂತೇ ಇದ್ದೆವು. ರಜಿಯಾ ಮೇಡಂ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ನನಗೆ ಕೆರೆಯ ನೀರು ಕಾಣುತ್ತಿತ್ತು, ಅದರ ಮೇಲೆ ಬಂಡೆಯ ನೆರಳು ಉದ್ದವಾಗುವುದೂ ಕಾಣುತ್ತಿತ್ತು. ಅಷ್ಟು ಉದ್ದನೆಯ ಹತ್ತು ನಿಮಿಷಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೌಕ ಮತ್ತೆ ಮೂಡಿತು. ಶಾಂತವ್ವನ ಮುಖ ಒದ್ದೆಯಾಗಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲು ತಿಳಿಯಲಿಲ್ಲ.

"ಹೆಣ್ಣ ಕೂಸ್ರಿ! ಹೊಟ್ಟಿ ಕೊಯ್ದು ತಗದಾರಂತ. ಇಬ್ರೂ ಆರಾಮ ಅದಾರಂತ್ರಿ!"

ಎಲ್ಲರೂ ಒಟ್ಟಿಗೆ ಮಾತಾಡಿ ಯಾರ ಮಾತೂ ಯಾರಿಗೂ ಕೇಳಲಿಲ್ಲ. ರಜಿಯಾ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, ಇವತ್ತಿನ ಕಾರ್ಯಕ್ರಮ ಇಲ್ಲಿಗೆ ಮುಗಿಸೋಣ ಎಂದರು. ಶಾಂತವ್ವ ಒಪ್ಪಲಿಲ್ಲ. "ಹಂಗ ಹೆಂಗ್ರಿ? ಕಾಕಾ, ಬಸ್ ಬಿಡ್ರಿ. ನಾ ದವಾಖಾನಿ ಮುಂದ ಇಳೀಬೇಕು."

ಆನೆಗೊಂದಿ ದಾಟಿ, ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ವಾಸನೆಯೊಳಗೆ ಹಾದು, ಬಸ್ಸು ದವಾಖಾನೆಯ ಮುಂದೆ ನಿಂತಿತು. ಶಾಂತವ್ವ ಸೀರೆಯ ಗಂಟು ಹಿಡಿದು ಇಳಿದಳು.

ಮರುದಿನ ನಾನು ಯಂಕಪ್ಪನವರಿಗೆ ಫೋನು ಮಾಡಿದೆ. ಅಭಿನಂದಿಸುವ ನೆಪ, ನಿಜವಾಗಿ ದಾರಿಯ ವಿಷಯದಲ್ಲಿ ನಾನು ಹೇಳಿದ್ದೇ ಸರಿ ಎಂದು ಅವರಿಂದ ಒಪ್ಪಿಸಿಕೊಳ್ಳುವ ಆಸೆ. ಅವರು ಒಪ್ಪಿಕೊಂಡರು. "ನೇರ ರಸ್ತಾ ಬ್ಯಾರೆ ಐತ್ರಿ, ನನಗ ಗೊತ್ತಿಲ್ಲೇನು? ಆದ್ರ ಆಕೀನ ಲಗೂ ಮುಟ್ಟಿಸಿ ಏನ್ ಮಾಡ್ಬೇಕಿತ್ರಿ ಅಕ್ಕೋರ? ಸುದ್ದಿ ಇನ್ನಾ ಬಂದಿರಲಿಲ್ಲ. ಮುಚ್ಚಿದ ಬಾಗಿಲ ಮುಂದ ಒಬ್ಬಾಕೀನ ಇಳಿಸಿ ಹೆಂಗ ಬರ್ಲಿ? ಸುದ್ದಿ ಬರೋತನ ಗಾಡಿ ಓಡಬೇಕಿತ್ತು."

ಇಷ್ಟು ವರ್ಷ ಮಕ್ಕಳಿಗೆ, ಹೇಳುವುದನ್ನು ಸುತ್ತಿ ಬಳಸದೆ ನೇರವಾಗಿ ಹೇಳಿ ಎಂದು ಕೆಂಪು ಶಾಯಿಯಲ್ಲಿ ಬರೆದವಳು ನಾನು.

ಬಸ್ಸುಗಳು ಮತ್ತೆ ಓಡತೊಡಗಿದರೂ, ಕೂಸಿಗೆ ರೋಗ ತಗುಲೀತೆಂಬ ಭಯ ಇಳಿದ ಮೇಲೆಯೇ ಶಾಂತವ್ವ ಗಂಗಾವತಿಗೆ ಹೋದಳು, ನಿಜವಾದ ಬಸ್ಸಿನಲ್ಲಿ. ಅಷ್ಟರಲ್ಲಿ ಕೂಸಿಗೆ ಮುಖ ಗುರುತು ಹಿಡಿಯುವಷ್ಟು ತಿಂಗಳು ತುಂಬಿತ್ತು. ಸಂಜೆ ನನಗೆ ಫೋನು ಬಂತು. ಹಿಂದೆ ಕೂಸಿನ ಅಳು ಜೋರಾಗಿ ಕೇಳುತ್ತಿತ್ತು.

"ಎತ್ಕೊಂಡ ಕೂಡ್ಲೆ ಚೀರಾಕತ್ತೈತ್ರಿ ಅಕ್ಕೋರ. ಹೊಸ ಮಾರಿ ಅಂತ ಅಂಜಿಕಿ" ಎಂದಳು ಶಾಂತವ್ವ, ಅದನ್ನು ತೊಡೆಯ ಮೇಲೆ ತೂಗುತ್ತಿರಬೇಕು, ದನಿ ಮೇಲೆ ಕೆಳಗೆ ಹೋಗುತ್ತಿತ್ತು. "ನೀ ಹುಟ್ಟಿದ ದಿನಾನ ನಾ ಬಂದು ಹೋಗೇನಿ ಅಂತ ಇದಕ್ಕ ಹೆಂಗ ತಿಳಿಸಿ ಹೇಳ್ಲಿ?"