ತಾಯಿಕುರಿ ಮಾರುವ ಹಕ್ಕು

ಹುಲಿಕುಂಟೆಯ ಪಟಾಲಮ್ಮ ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಕುರಿ ಕಾಯ್ದು ನಾಲ್ಕು ಎಕರೆ ಹೊಲ ಮಾಡಿದವಳು. ಕೂಗಳತೆ ದೂರದಿಂದಲೇ ಯಾವ ಕುರಿ ಕುಂಟುತ್ತಿದೆಯೆಂದು ಹೇಳುತ್ತಿದ್ದ ಕಣ್ಣಿಗೆ ಈಗ ಎದುರಿಗಿದ್ದವರ ಮುಖವೂ ಮಸುಕು. ಬರುವ ಯುಗಾದಿಯ ಹೊತ್ತಿಗೆ ಅದೂ ಇರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಮಕ್ಕಳಿಲ್ಲ. ಆಸ್ಪತ್ರೆಗೆ ಕರೆದೊಯ್ಯುವವನು, ರೇಷನ್ ತಂದುಹಾಕುವವನು ಮೈದುನನ ಮಗ ದೇವರಾಜು ಒಬ್ಬನೇ. ಉಂಡ ಮನೆಯ ಜಂತೆ ಎಣಿಸುವ ಪೈಕಿಯಲ್ಲ. ಕಣ್ಣಿರುವಾಗಲೇ ಹೊಲದ ವ್ಯವಹಾರವನ್ನು ಅವನಿಗೆ ವಹಿಸಿ ಅಧಿಕಾರಪತ್ರ ಬರೆಸಿಬಿಡೋಣವೆಂದು ಅವನ ಬೈಕಿನಲ್ಲೇ ಶಿರಾಕ್ಕೆ ಬಂದಳು.

ಕುರಿಯನ್ನು ಪಾಲಿಗೆ ಕೊಟ್ಟರೆ ಹುಟ್ಟಿದ ಮರಿಯಲ್ಲಿ ಸಾಕಿದವನಿಗೆ ಅರ್ಧ. ತಾಯಿಕುರಿ ಮಾತ್ರ ಕೊಟ್ಟವರದೇ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹೊಲದ ಕಾಗದವೂ ಹಾಗೇ ಎಂದುಕೊಂಡು ಪಟಾಲಮ್ಮ ಏನನ್ನೂ ಬಿಡಿಸಿ ಹೇಳಿರಲಿಲ್ಲ.

ಪತ್ರ ಬರಹಗಾರ ತಿಮ್ಮರಾಯಪ್ಪ ಇಂಕಿನ ಪ್ಯಾಡು ಮುಂದಿಟ್ಟ. ಹೆಬ್ಬೆರಳಿಗೆ ಮಸಿ ಹತ್ತಿದ ಮೇಲೆ ಆಕೆ ತಡೆದಳು.

“ಓದಪ್ಪ ಒಂದ್ಸಲ.”

“ಸದರಿ ಜಮೀನನ್ನು ನೋಡಿಕೊಳ್ಳಲು, ಗುತ್ತಿಗೆಗೆ ಕೊಡಲು, ಮಾರಾಟ ಮಾಡಲು...”

“ತಡಿ. ಮಾರಾಟನಾ?”

“ಎಲ್ಲಾ ಕಾಗದ್ದಾಗೂ ಅಂಗೇ ಇರ್ತದೆ ಕಣ್ ದೊಡ್ಡವ್ವ,” ಎಂದ ದೇವರಾಜು. “ನಾಳೆ ನಿಂಗೇನಾನಾ ಆದ್ರೆ ದುಡ್ಡಿಗೆ ನಾನೆಲ್ಲಿಗೋಗ್ಲಿ?”

“ಪಾಲಿಗೆ ತಗಂಡೋನು ತಾಯಿಕುರೀನ ಸಂತೆಗೆ ಹೊಡ್ಕಂಡೋಗಿದ್ದು ಕಂಡಿದ್ಯೇನ್ಲಾ? ಆ ಮಾತು ತೆಗಿಸು.”

“ನಾನೇನ್ ಕಳ್ಳನಾ? ಮೂರೊರ್ಸ ನಿನ್ನ ಕೈ ಹಿಡ್ಕಂಡು ಆಸ್ಪತ್ರೆ ಸುತ್ತಿದ್ದು ಇದ್ಕಾ?”

“ಕಳ್ಳ ಆಗಿದ್ರೆ ನಿನ್ ಬೈಕ್ ಹತ್ತುತಿದ್ನೇನ್ಲಾ? ನಿನ್ನ ನಂಬ್ತೀನಿ. ನಿನ್ ತಾವ ಬರೋ ಯಾಪಾರದೋರ್ನ ನಾನ್ಯಾಕೆ ನಂಬ್ಲಿ?”

“ಅಂಗಾದ್ರೆ ಬ್ಯಾರೆ ಯಾರ್ನಾರಾ ನೋಡ್ಕೊ!”

ಚಪ್ಪಲಿಯ ಸದ್ದು ಬಾಗಿಲಾಚೆ ಹೋಯಿತು. ಹೊರಗೆ ಬೈಕೊಂದು ಸ್ಟಾರ್ಟ್ ಆಯಿತು. ಅವನದೋ, ಬೇರೆಯವರದೋ, ಪಟಾಲಮ್ಮನಿಗೆ ತಿಳಿಯಲಿಲ್ಲ. ಇವನೂ ಹೋದರೆ ಮುಂದೆ ಕೈ ಹಿಡಿದು ನಡೆಸುವವರಿಲ್ಲ.

“ಒತ್ಬುಡಮ್ಮ, ಮನೇ ಹುಡ್ಗ ತಾನೇ,” ಎಂದ ತಿಮ್ಮರಾಯಪ್ಪ.

ಆಕೆ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. “ಒತ್ತಾಕಿಲ್ಲ ಕಣಪ್ಪ. ಕಣ್ಣೋದ್ರೆ ಕೋಲ್ ಹಿಡ್ಕಂಡು ನಡೀತೀನಿ. ಹೊಲ ಹೋದ್ರೆ ಏನ್ ಹಿಡ್ಕಳ್ಲಿ?”

ತಿಮ್ಮರಾಯಪ್ಪ ಪ್ಯಾಡು ಮುಚ್ಚಿಟ್ಟ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಂದು ನೆರಳು ಕಂಡಂತಾಯಿತು.

“ಆ ಸಾಲು ತೆಗ್ದು ಬರೀರಿ ಸಾ.” ದೇವರಾಜುವಿನ ದನಿ ಒರಟಾಗಿತ್ತು. “ಕಣ್ ಹೋದ್ರೂ ಈ ಮುದುಕಿ ಜಿದ್ದು ಹೋಗಾಕಿಲ್ಲ.”

ಪಟಾಲಮ್ಮ ನಗಲಿಲ್ಲ. ಹೊಸ ಕಾಗದ ಸಿದ್ಧವಾಗುವವರೆಗೂ ಗೋಡೆಗೆ ಒರಗದೆ ನೆಟ್ಟಗೆ ಕುಳಿತಿದ್ದಳು. ತಿಮ್ಮರಾಯಪ್ಪ ಮತ್ತೆ ಪ್ಯಾಡು ಸರಿಸಿದಾಗ ಕೈ ಚಾಚಲಿಲ್ಲ.

“ಮೊದ್ಲಿಂದ ಓದಪ್ಪ. ಒಂದಕ್ಸರಾನೂ ಬುಡ್ಬ್ಯಾಡ.”