ಮಲಗಿಸಿ ಅಳೆಯುವ ಹುಸೇನಸಾಬರು

ಹುಸೇನಸಾಬರು ಅಟ್ಟ ಕಟ್ಟಲು ಬಂದರೆ ಮೊದಲು ಮನೆಯವರನ್ನು ನೆಲದ ಮೇಲೆ ಮಲಗಿಸುತ್ತಿದ್ದರು. ಕುರ್ಲಾದ ನಮ್ಮ ಚಾಳಿನ ಸಾಲುಮನೆಗಳಲ್ಲಿ ಮನೆಗೊಂದೇ ಖೋಲಿ. ಮಲಗಲು ಅಟ್ಟ ಬೇಕೇ ಬೇಕು. ವಿಜಯಪುರದ ಕಡೆಯ ಈ ಬಡಗಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ತಲೆಗೊಂದು ಕಾಲಿಗೊಂದು ಗೆರೆ ಎಳೆದ ಮೇಲೆಯೇ ಹಲಗೆ ಮುಟ್ಟುತ್ತಿದ್ದರು. "ಮಂದೀನ್ನ ಅಳೀಬೇಕ್ರೀ, ಗ್ವಾಡೀನ್ನಲ್ಲ," ಎನ್ನುವರು. ನಮ್ಮಪ್ಪ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆಯವರು, ಆರಡಿ ಮೀರಿದ ಆಳು. ಅವರಿಗಾಗಿ ನಮ್ಮ ಅಟ್ಟವನ್ನು ಬಾಗಿಲ ಮೇಲಿಂದ ಒಂದು ಗೇಣು ಹೊರಗೆ ಚಾಚಿ ಕಟ್ಟಿದರು.

ಮನೆಮನೆ ಹೊಕ್ಕವರಿಗೆ ಮನೆಮನೆಯ ಕಷ್ಟವೂ ಗೊತ್ತು. ನೀರಿಗೆ, ರೇಷನ್ನಿಗೆ ಜನರೊಂದಿಗೆ ಕಚೇರಿ ಅಲೆದು ಅಲೆದು ಕೊನೆಗೆ ಪಕ್ಷವೊಂದರ ಟಿಕೆಟಿನಲ್ಲಿ ಗೆದ್ದು ನಮ್ಮ ವಾರ್ಡಿನ ನಗರಸೇವಕರಾಗಿಬಿಟ್ಟರು. ಭಾಷಣ ಮಾತ್ರ ದೇವರಾಣೆಗೂ ಬರುತ್ತಿರಲಿಲ್ಲ. ವೇದಿಕೆ ಹತ್ತಿದರೆ ಮೊದಲು ಹಲಗೆ ಗಟ್ಟಿಯಿದೆಯೇ ಎಂದು ತುಳಿದು ನೋಡುತ್ತಿದ್ದರು. ಹಾರದ ನಡುವೆಯೂ ಕಿವಿಯ ಹಿಂದೆ ಪೆನ್ಸಿಲ್ ಇದ್ದೇ ಇರುತ್ತಿತ್ತು.

ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವ ಮಾತು ಬಂದಾಗ ಅವರೂ ಎಡವಿದರು. ಪಕ್ಷದ ಹಿರಿಯರು ನಮಗೆ ಸಿಗುವ ಹೊಸ ಖೋಲಿಗಳ ನಕ್ಷೆ ತೋರಿಸಿದರು, ಇವರು ಒಪ್ಪಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದು ನಮ್ಮ ಮನೆಗೂ ಬಂದರು. ಅಮ್ಮ ಚಹಾ ಕೊಟ್ಟು ಒಂದೇ ಮಾತು ಕೇಳಿದಳು.

"ಸಾಯ್ಬರೇ, ಆ ಹೊಸ ಖೋಲಿಯಲ್ಲಿ ಇವರನ್ನು ಮಲಗಿಸಿ ನೋಡಿದ್ದೀರಾ?"

ಸಾಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಭಾನುವಾರದ ಸಭೆಯಲ್ಲಿ, ಬಿಲ್ಡರನ ಕಡೆಯವರೂ ಪಕ್ಷದ ಹಿರಿಯರೂ ಕುರ್ಚಿಯಲ್ಲಿರುವಾಗಲೇ, ಅಂಗಳದಲ್ಲಿ ನಕ್ಷೆಯ ಅಳತೆಗೆ ಸರಿಯಾಗಿ ಸುಣ್ಣದಿಂದ ಖೋಲಿ ಬರೆದರು. ಅಡುಗೆಕಟ್ಟೆ, ಕಪಾಟು, ಎಲ್ಲ. ಉಳಿದ ಜಾಗದಲ್ಲಿ ಅಪ್ಪನನ್ನು ಮಲಗಿಸಿದರು. ಅಪ್ಪನ ಪಾದಗಳು ಗೋಡೆಯ ಗೆರೆ ದಾಟಿ ಆಚೆ ಬಿದ್ದವು. ಜನ ಮೊದಲು ನಕ್ಕರು, ಆಮೇಲೆ ಯಾರೂ ನಗಲಿಲ್ಲ.

"ಕಾಗದ ನೋಡಿ ಹೂಂ ಅಂದೆ. ತಪ್ಪು ನಂದ ಐತಿ," ಎಂದರು ಸಾಬರು. "ಯಾರೂ ಸಹಿ ಮಾಡಬ್ಯಾಡ್ರಿ."

ನಕ್ಷೆ ಬದಲಾಯಿತು, ಖೋಲಿ ಉದ್ದವಾಯಿತು. ಸಾಬರಿಗೆ ಮುಂದಿನ ಸಲ ಟಿಕೆಟ್ ಸಿಗಲಿಲ್ಲ. ಪಕ್ಷೇತರರಾಗಿ ನಿಂತು ಸೋತರು. ನಮ್ಮ ಚಾಳಿನವರೇ ಎಷ್ಟೋ ಜನ ಅವರಿಗೆ ಓಟು ಹಾಕಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಅವರಿಗೆ ಬರಲಿಲ್ಲ. ಮರುವಾರವೇ ಹತ್ಯಾರದ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದು, "ಅಕ್ಕಾರ, ಅಟ್ಟದ ನಿಚ್ಚಣಿಕಿ ಅಳ್ಳಾಡತಿತ್ತಲ್ರೀ?" ಎಂದು ಕೇಳಿದರು.

ಬಿಲ್ಡಿಂಗ್ ಏಳಲು ವರ್ಷಗಳೇ ಹಿಡಿದವು. ಬೀಗದ ಕೈ ಸಿಗುವ ಮುಂಚೆಯೇ ಸಾಬರು ತೀರಿಕೊಂಡರು.

ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲು ಅಮ್ಮ ಅಪ್ಪನಿಗೆ ಮಲಗಿ ಎಂದಳು. ಬರಿನೆಲದ ಮೇಲೆ ಅಪ್ಪ ಕಾಲು ಚಾಚಿದರು. ಪಾದಕ್ಕೂ ಗೋಡೆಗೂ ನಡುವೆ ಒಂದು ಗೇಣು ಉಳಿಯಿತು. ಆಯಿತು, ಏಳಿ ಎಂದಳು ಅಮ್ಮ. ಅಪ್ಪ ಏಳಲಿಲ್ಲ. ಹೆಗಲ ಟವೆಲನ್ನು ಮುಖದ ಮೇಲೆ ಎಳೆದುಕೊಂಡು ಅಲ್ಲೇ ಅತ್ತರು.